ಇಲ್ಲದಣ್ಣನ ಮಡಿಲು

ಒಂದು ಊರು, ಊರಿಗೊಂದು ಮಗ್ಗದ ಶೆಡ್ಡು, ಶೆಡ್ಡಿಗೊಬ್ಬ ಇಲ್ಲದಣ್ಣ. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಅದು ಸಂಬಳದ ದಿನ ಮಾತ್ರ ಬಳಕೆಗೆ ಬರುತ್ತಿತ್ತು.

ವಿದ್ಯುತ್ ಮಗ್ಗಗಳ ಸದ್ದಿನಲ್ಲಿ ಬಾಯಿಮಾತು ನಡೆಯದು. ಎಳೆ ಕಡಿದಿದೆ ಎನ್ನಲು ಎರಡು ಬೆರಳು, ಟೀ ಬಂದಿದೆ ಎನ್ನಲು ಹೆಬ್ಬೆರಳು. ಆ ಗದ್ದಲದ ನಡುವೆ ನಿಂತ ಹಾಗೇ ಇವನ ಮನಸ್ಸು ಎತ್ತಲೋ ಹೊರಟುಬಿಡುತ್ತಿತ್ತು. ನಿದ್ದೆಯಲ್ಲ, ಕನಸಲ್ಲ. ಕಣ್ಣು ತೆರೆದೇ ಇರುತ್ತಿತ್ತು, ಕೈ ಬಟ್ಟೆಯ ಅಂಚು ಸವರುತ್ತಿತ್ತು, ಮೈಯೆಂಬ ಮನೆಯಲ್ಲಿ ಯಜಮಾನ ಮಾತ್ರ ಇಲ್ಲ. ಎಳೆ ಕಡಿದು ಮಗ್ಗ ಗಕ್ಕನೆ ನಿಂತಾಗ ಮರಳುತ್ತಿದ್ದ. ಎದುರಿಗೆ ತಾನು ನೇಯ್ದ ನೆನಪೇ ಇಲ್ಲದ ಬಟ್ಟೆ.

“ಏನಣ್ಣ, ಎಲ್ಲಿಗೆ ಹೋಗಿದ್ದೆ? ನಮಗೂ ಒಂದು ಟಿಕೆಟ್ ತಗೋಬಾರದಾ?” ಎಂದು ಪಕ್ಕದ ಮಗ್ಗದವನು ಊಟದ ಬಿಡುವಿನಲ್ಲಿ ಕೆಣಕುತ್ತಿದ್ದ. ಇವನೂ ನಗುತ್ತಿದ್ದ.

ನಗು ಬತ್ತಿದ್ದು, ಮನೆಯಲ್ಲೂ ಹಾಗಾಗಲು ಶುರುವಾದ ಮೇಲೆ. ಒಂಟಿ ಕೋಣೆ. ಹಾಲಿಟ್ಟು ಒಲೆಯ ಮುಂದೆಯೇ ನಿಂತಿದ್ದ. ಎಚ್ಚರವಾದಾಗ ಪಾತ್ರೆಯ ತಳ ಕರಿ ಹಿಡಿದು ಹೊಗೆಯಾಡುತ್ತಿತ್ತು. ಇಲ್ಲಿ ಅವನನ್ನು ಕರೆದು ತರಲು ಗಕ್ಕನೆ ನಿಲ್ಲುವ ಮಗ್ಗವೆಲ್ಲಿ? ಅಂದಿನಿಂದ ಭಯ ಬೆನ್ನಿಗೆ ಬಿತ್ತು. ಒಲೆ ಹಚ್ಚುವುದನ್ನು ಬಿಟ್ಟ. ದೊಡ್ಡ ರಸ್ತೆ ದಾಟುವುದನ್ನು ಬಿಟ್ಟ. ಡಾಕ್ಟರ ಬಳಿ ಹೋದರೆ ಹುಚ್ಚು ಅಂದುಬಿಟ್ಟಾರು ಎಂದು ಅದನ್ನೂ ಬಿಟ್ಟ. ಬಿಡುತ್ತ ಬಿಡುತ್ತ ಉಳಿದದ್ದು ಶೆಡ್ಡು, ಹಾಸಿಗೆ, ಒಬ್ಬಳು ತಂಗಿ.

ಆ ತಂಗಿ ಅಜ್ಜಿಯಾದಳು. ಮೊಮ್ಮಗಳನ್ನು ಎತ್ತಿಕೊಂಡು ಅಣ್ಣನ ಕೋಣೆಗೇ ಬಂದಳು.

“ಹಿಡ್ಕೋ ಅಣ್ಣ.”

ಇವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. “ಬೇಡ ಬಿಡೇ.”

“ಮಗು ಕಣೋ, ಕೆಂಡ ಅಲ್ಲ!”

“ಬೇಡ ಅಂದ್ನಲ್ಲ!”

ತಂಗಿಯ ಮುಖ ಸಣ್ಣದಾಯಿತು. “ನಮ್ಮ ಮಗು ನಿನಗೆ ಅಷ್ಟು ಭಾರ ಆಯ್ತಾ?” ಎಂದು ಹೋದವಳು ಮತ್ತೆ ಬರಲಿಲ್ಲ.

ವಾರದ ರಜೆಗಳು ಬಂದವು, ಹೋದವು. ಕದ ತಟ್ಟುವವರಿಲ್ಲ. ಕೊನೆಗೊಂದು ಮಧ್ಯಾಹ್ನ ದೊಡ್ಡ ರಸ್ತೆಯಂಚಿನಲ್ಲಿ ಯಾರೋ ಹೆಂಗಸನ್ನು “ಅಮ್ಮಾ, ಸ್ವಲ್ಪ ದಾಟಿಸ್ತೀರಾ?” ಎಂದು ಕೇಳಿ, ದಾಟಿ, ತಂಗಿಯ ಮನೆ ಮುಟ್ಟಿದ. ಹೊಸ್ತಿಲಲ್ಲೇ ನಿಂತು ಹೇಳಿದ: “ಮಗು ಬೇಡ ಅಂತಲ್ಲ ಕಣೇ. ನಾನು ನಡುನಡುವೆ ಇರೋದೇ ಇಲ್ಲ. ಆಗ ಕೈ ಬಿಟ್ಟುಬಿಟ್ರೆ?”

ತಂಗಿ ಅವನ ಕೈ ಹಿಡಿದು ಒಳಗೆಳೆದುಕೊಂಡಳು. “ಇದನ್ನ ಹೊಟ್ಟೇಲಿಟ್ಕೊಂಡು ಇಷ್ಟು ದಿನ ಒಬ್ಬನೇ ಬೆಂದ್ಯಾ, ಪೆದ್ದ? ನಾಳೆ ಡಾಕ್ಟರ ಹತ್ರ ಹೋಗೋಣ, ನಾನೂ ಬರ್ತೀನಿ. ಈಗ ನೆಲದ ಮೇಲೆ ಕೂತ್ಕೋ. ನೆಲದಿಂದ ಕೆಳಗೆ ಯಾರೂ ಬಿದ್ದಿಲ್ಲ.”

ಚಾಪೆ ಹಾಸಿ, ಮಗುವನ್ನು ಅವನ ಮಡಿಲಲ್ಲಿಟ್ಟು, ಮೊಣಕಾಲಿಗೆ ಮೊಣಕಾಲು ತಾಗಿಸಿ ಎದುರಿಗೆ ಕೂತಳು. ಬೆಚ್ಚಗಿನ ಭಾರ. ಪುಟ್ಟ ಮುಷ್ಟಿ ಅವನ ಬೆರಳನ್ನು ಹುಡುಕಿ ಹಿಡಿಯಿತು.

ಮನಸ್ಸು ಮರಳಿದಾಗ ಮಗು ನಿದ್ದೆ ಹೋಗಿತ್ತು. ಚಾಪೆಯ ಮೇಲಿದ್ದ ಬಿಸಿಲು ಗೋಡೆಗೆ ಸರಿದಿತ್ತು. ಅವನ ಕೈ ಮಗುವಿನ ತಲೆಯಡಿ ಇದ್ದಲ್ಲೇ ಇತ್ತು.

“ನೋಡಿದ್ಯಾ ಅಣ್ಣ?” ತಂಗಿ ಕಣ್ಣೊರೆಸಿಕೊಳ್ಳುತ್ತಿದ್ದಳು. “ಇವತ್ತಿನವರೆಗೆ ಯಾರನ್ನೂ ನೋಡಿ ನಕ್ಕಿರಲಿಲ್ಲ. ನಿನ್ನ ಮುಖ ನೋಡಿ ನಕ್ಕಳು.”

“ಹೌದಾ,” ಎಂದ ಅಣ್ಣ. ಮಲಗಿದ್ದ ಮಗುವಿನ ಮುಖಕ್ಕೆ ಬಾಗಿ ಕೇಳಿದ: “ಹೇಗಿತ್ತೇ ಆ ನಗು?”