ಉಪ್ಪು ನೋಡಲು ಕರೆಯದ ದಿನ

ನಿನ್ನೆ ಸಂಜೆ ಗಂಗೊಳ್ಳಿಯ ಮಸೀದಿ ಕಡೆಯಿಂದ ಮೆಂತ್ಯ, ತೆಂಗಿನಹಾಲು ಹಾಕಿದ ಗಂಜಿಯ ಪರಿಮಳ ಬಂತು. ರಂಜಾನ್ ಶುರುವಾದದ್ದು ಆಗಲೇ ಗೊತ್ತಾದದ್ದು… ಜೊತೆಗೆ ಆಚೆಮನೆ ಚಿಕ್ಕಮ್ಮನ ನೆನಪೂ.

ನಮ್ಮದು ಮೀನು ಮಾರುವ ಮನೆ. ಅಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಕಾಲೇಜಿನಲ್ಲಿ ಇಸ್ಲಾಮಿನ ಪಾಠ ಬಂದಾಗ ನಾನು ಉರು ಹೊಡೆಯಲಿಲ್ಲ. ದೇವರೊಬ್ಬನೇ ಎಂಬ ನಂಬಿಕೆ, ಐದು ಹೊತ್ತಿನ ನಮಾಜು, ಉಪವಾಸ, ಬಡವರಿಗೆ ಕೊಡುವ ಜಕಾತ್, ಎಲ್ಲ ಬೇಲಿಯಾಚೆ ಚಿಕ್ಕಮ್ಮನ ಮನೆಯಲ್ಲಿ ಕಂಡದ್ದೇ. ಹಜ್ ಒಂದು ಮಾತ್ರ ಚಿಕ್ಕಮ್ಮನ ಆಸೆಯಾಗಿಯೇ ಉಳಿಯಿತು.

ಉಪವಾಸದಲ್ಲಿ ಅವರು ಏನನ್ನೂ ನಾಲಿಗೆಗೆ ತಾಗಿಸುತ್ತಿರಲಿಲ್ಲ. ಸಂಜೆ ಉಪವಾಸ ಬಿಡುವ ಗಂಜಿ ಬೆಂದ ಮೇಲೆ ಬೇಲಿ ಹತ್ತಿರ ಬಂದು, "ಹ್ವಾಯ್ ಹೆಣೆ, ಉಪ್ಪು ಕಾಂಬುಕ್ ಬಾ" ಎಂದು ಕರೆಯುತ್ತಿದ್ದರು. ನಾನು ಓಡಿಹೋಗಿ ರುಚಿ ನೋಡಿ, ಉಪ್ಪು ಸಾಕೋ ಬೇಕೋ ಹೇಳುತ್ತಿದ್ದೆ.

ಅಮ್ಮನಿಗೆ ಇದು ಸರಿಬರುತ್ತಿರಲಿಲ್ಲ. "ಯಾವ ಚಿಕ್ಕಮ್ಮ ನಿಂಗೆ? ಅದ್ರಗೆ ಎಂತ ಹಾಕಿರ್ತ್ರೋ ಯಾರಿಗ್ ಗೊತ್ತ್. ಇಡೀ ದಿನ ನೀರೂ ಕುಡಿಯೂದಿಲ್ಲ ಅಂದ್ರೆ ನಾ ನಂಬುದಿಲ್ಲ."

ಒಂದು ರಂಜಾನಿನಲ್ಲಿ ಕರೆ ನಿಂತಿತು. ಒಂದೆರಡು ಸಂಜೆ ಅಮ್ಮ ಬೇಲಿ ಕಡೆಗೇ ಕಿವಿ ಇಟ್ಟಳು.

"ಗಂಜಿ ಬೇಯ್ತಾ ಇತ್ತ್. ನಿನ್ನ ಕರೀಲಿಲ್ಲ. ಹಾಂಗಾರೆ ಉಪ್ಪು ಕಂಡದ್ ಯಾರ್?" ಅಂದಳು. "ಉಪಾಸ ಅಂಬ್ದೆಲ್ಲ ನಾಟ್ಕ. ನಾಳೆ ಬಂದರಲ್ಲಿ ಎಲ್ಲರಿಗೂ ಹೇಳ್ತೆ. ನೀನಿನ್ನು ಆ ಬದಿಗೆ ಕಾಲಿಡುಕಾಗ."

ಸಾಕ್ಷಿಗೆಂದು ಮರುದಿನ ಮಧ್ಯಾಹ್ನ ನನ್ನ ಕೈಹಿಡಿದು ಎಳೆದುಕೊಂಡು ಹೋದಳು. ಚಿಕ್ಕಮ್ಮ ಅಡುಗೆಮನೆಯ ಹಿಂದೆ ಕುಕ್ಕರುಗಾಲಲ್ಲಿ ಕೂತು ಚೊಂಬಿನಲ್ಲಿ ನೀರು ಕುಡಿಯುತ್ತಿದ್ದರು. ಅಮ್ಮನ ಮುಖದಲ್ಲಿ ಗೆದ್ದ ಕಳೆ.

ಚಿಕ್ಕಮ್ಮ ಚೊಂಬು ಅಡಗಿಸಲಿಲ್ಲ. ಸ್ವರ ಮಾತ್ರ ತಗ್ಗಿಸಿದರು. "ನಂಗೆ ಮುಟ್ಟು ಅಕ್ಕಾ. ಈ ದಿನದಲ್ಲಿ ನಮಾಜೂ ಇಲ್ಲ, ಉಪಾಸವೂ ಇಲ್ಲ. ಅದ್ಕೇ ಉಪ್ಪೂ ನಾನೇ ಕಂಡದ್. ಬಿಟ್ಟ ಉಪಾಸ ರಂಜಾನ್ ಕಳ್ದ್ ಮೇಲೆ ಹಿಡಿಕ್. ಆದ್ರೂ ಗಂಡಸ್ರ ಎದ್ರಿಗೆ ಹ್ಯಾಂಗೆ ಕುಡಿಯೂದ್?"

ಅಮ್ಮ ನನ್ನ ಕೈ ಬಿಟ್ಟಳು. ತಿಂಗಳಿಗೊಮ್ಮೆ ಅವಳೂ ಜಗಲಿಯ ಮೂಲೆಯಲ್ಲಿ ಬೇರೆ ಕೂರುವವಳೇ.

ಅಷ್ಟರಲ್ಲಿ ಒಳಗಿನಿಂದ ಚಿಕ್ಕಮ್ಮನ ಮಾವನ ಕೆಮ್ಮು ಹತ್ತಿರವಾಯಿತು. ಅಮ್ಮ ಹಿಂಬಾಗಿಲಿಗೆ ಅಡ್ಡ ನಿಂತು ಸೆರಗು ಅಗಲ ಮಾಡಿ, "ಹ್ವಾಯ್ ಸಾಯ್ಬ್ರೆ, ಇವತ್ತ್ ಬಂಗಡೆ ಮೀನ್ ರೇಟ್ ಹ್ಯಾಂಗೆ?" ಎಂದು ಮಾತಿಗೆ ಹಿಡಿದಳು. ಅವಳ ಬೆನ್ನ ಹಿಂದೆ ಚಿಕ್ಕಮ್ಮ ಉಳಿದ ನೀರು ಕುಡಿದು ಮುಗಿಸಿದರು.

ಬಂದರಲ್ಲಿ ಅಮ್ಮ ಬಾಯಿ ಬಿಡಲಿಲ್ಲ. ಸಂಶಯ ಪೂರ್ತಿ ಹೋಯಿತೆಂದಲ್ಲ… ಮತ್ತೆ ಕರೆ ಬಂದಾಗ ನನ್ನನ್ನು ಹಿಂದಕ್ಕೆ ಸರಿಸಿ, "ನಾನೇ ಕಾಣ್ತೆ" ಎಂದು ತಾನೇ ಹೋದಳು. ಒಂದು ಸೌಟು ಬಾಯಿಗೆ ಹಾಕಿ, "ಉಪ್ಪು ಕಮ್ಮಿ" ಅಂದಳು. ಆಮೇಲೆ ಪ್ರತಿ ವರ್ಷವೂ ಅವಳದ್ದೇ ನಾಲಿಗೆ, ಪ್ರತಿ ವರ್ಷವೂ ಅದೇ ತಕರಾರು.

ಚಿಕ್ಕಮ್ಮ ತೀರಿಕೊಂಡು ವರ್ಷಗಳಾದವು. ಆ ಅಡುಗೆಮನೆಯ ಕಿಟಕಿ ಮುಚ್ಚಿದೆ. ನಿನ್ನೆ ಗಂಜಿಯ ಪರಿಮಳಕ್ಕೆ ಅಮ್ಮ ಬೇಲಿ ಹತ್ತಿರ ಹೋಗಿ ತುಸು ಹೊತ್ತು ನಿಂತಳು. ಯಾರೂ ಕರೆಯಲಿಲ್ಲ.

"ಈಗ ಉಪ್ಪು ಯಾರ್ ಕಾಣ್ತ್ರೋ ಏನೋ," ಅಂದಳು. "ಕಮ್ಮಿಯೇ ಇರತ್ತ್."