ಪಾದ್ರಿಯವರಿಗೆ ‘ಅದಿಯೂ’ ಬೇಡವೆಂದದ್ದು

ಬೆಟ್ಟದ ಅಣೆಕಟ್ಟು ಮುಗಿದು ನಮ್ಮ ಕಂಬಂ ಬಯಲಿಗೆ ನೀರು ಬಂದ ಮರುವರ್ಷ, ಫ್ರೆಂಚ್ ಪಾದ್ರಿಯವರು ಕಾಯಿಲೆ ಬಿದ್ದು ತಮ್ಮ ದೇಶಕ್ಕೆ ಹೊರಟರು. ದಿಂಡುಕ್ಕಲ್‌ನಲ್ಲಿ ರೈಲು ಹತ್ತಿಸಲು ನನ್ನ ಗಾಡಿಯೇ ಆಗಬೇಕೆಂದರು. ತಮಿಳು ಸೀಮೆಯಲ್ಲಿರುವ ನಮ್ಮ ಮನೆಮಾತು ಕನ್ನಡವನ್ನೂ ಕಲಿತು, ನನ್ನನ್ನು ತಮ್ಮ ದೇವರ ಕಡೆ ಎಳೆಯಲು ಹತ್ತು ವರ್ಷ ನೋಡಿ ಕೈಚೆಲ್ಲಿದವರು. ಆದರೂ ನನ್ನ ಹೆಂಡತಿಗೆ ಜ್ವರ ಏರಿದಾಗ ಮೂರು ದಿನ ನಮ್ಮ ಜಗಲಿಯಲ್ಲೇ ಕೂತು, ಮದ್ದು ಕೊಟ್ಟು ಉಳಿಸಿದ್ದರು. ಸುಳ್ಳು ಅವರಿಗೆ ಬರುತ್ತಿರಲಿಲ್ಲ. ಸಾರು ಹೇಗಿದೆ ಸಾಮಿ ಎಂದು ಅವಳು ಕೇಳಿದರೆ, ಉಪ್ಪು ಜಾಸ್ತಿ ಎಂದು ಮುಖಕ್ಕೇ ಹೇಳುತ್ತಿದ್ದರು.

ಪೆರಿಯಕುಳಂ ದಾಟಿದ ಮೇಲೆ, ನಿಮ್ಮೂರಲ್ಲಿ ಹೊರಡುವಾಗ ಏನನ್ನುತ್ತಾರೆ ಎಂದು ಕೇಳಿದೆ. ಮತ್ತೆ ಸಿಗುವವರಿಗೆ ಬೇರೆ ಮಾತಿದೆಯಂತೆ. ಸಿಗದವರಿಗೆ ‘ಅದಿಯೂ’. ‘ದಿಯೂ’ ಎಂದರೆ ದೇವರು, ‘ಅದಿಯೂ’ ಎಂದರೆ ದೇವರಿಗೆ. ನಿನ್ನನ್ನು ದೇವರಿಗೆ ಒಪ್ಪಿಸಿದ್ದೇನೆ ಎಂಬ ಉದ್ದದ ಮಾತು ಬಾಯಿಂದ ಬಾಯಿಗೆ ಸವೆದು ಇಷ್ಟೇ ಉಳಿದಿದೆ ಎಂದರು.

ನನಗೆ ಸಿಟ್ಟು ಬಂತು. ನಮ್ಮಲ್ಲಿ ಹೊಸಲು ದಾಟುವವರು ಹೋಗುತ್ತೇನೆ ಎನ್ನುವಂತಿಲ್ಲ, ಹೋಗಿ ಬರುತ್ತೇನೆ ಎನ್ನುವುದೇ ಪಳಕ್ಕ, ವಾಡಿಕೆ. ನಮ್ಮಪ್ಪ ಅಣೆಕಟ್ಟಿನ ಕೆಲಸಕ್ಕೆ ಹೊರಟಾಗ ಅವಸರದಲ್ಲಿ ಹಾಗೆ ಅಂದುಬಿಟ್ಟ, ಬೆಟ್ಟದ ಜ್ವರ ಹಿಡಿದು ಅಲ್ಲೇ ಸತ್ತ.

“ಅದು ಬ್ಯಾಡ ಸಾಮಿ. ನಮ್ಮ ಪಳಕ್ಕದಂಗೆ, ಹೋಗಿ ಬತ್ತೀನಿ ಅನ್ನಿ” ಎಂದೆ.

“ನಾನು ಬರೋನಲ್ಲಪ್ಪಾ. ಬತ್ತೀನಿ ಅಂದ್ರೆ ಸುಳ್ಳಾಯ್ತದೆ” ಎಂದರು. ಆಮೇಲೆ ದಾರಿಯುದ್ದಕ್ಕೂ ನಾನು ಎತ್ತುಗಳನ್ನು ಬೈದುಕೊಂಡು ಹೋದೆ.

ದಿಂಡುಕ್ಕಲ್‌ನಲ್ಲಿ ರೈಲು ಬಂದು ನಿಂತಿತ್ತು. ಅವರು ಹತ್ತಿ ಕೂತರು. ನಾನು ಅವರ ಪೆಟ್ಟಿಗೆಯನ್ನು ತಲೆಯ ಮೇಲೇ ಇಟ್ಟುಕೊಂಡು ಕೆಳಗೆ ನಿಂತೆ.

“ಮೊದ್ಲು ಹೇಳಿ ಸಾಮಿ. ಆಮ್ಯಾಕೆ ಪೆಟ್ಟಿಗೆ ಕೊಡ್ತೀನಿ.”

ರೈಲು ಹೊರಡಲು ಸೀಟಿ ಊದಿದರು. ಸುತ್ತಲಿನವರು ನನ್ನನ್ನು ಬೈದರು. ಪಾದ್ರಿಯವರು ಮಾತ್ರ ಬೈಯಲಿಲ್ಲ. ಕಿಟಕಿಯಿಂದ ನನ್ನ ಕಡೆ ಬಾಗಿ, ನಮ್ಮ ಮನೆಯ ಕನ್ನಡದಲ್ಲೇ, “ಹೋಗಿ ಬತ್ತೀನಪ್ಪಾ” ಎಂದರು. ಪೆಟ್ಟಿಗೆ ಒಳಗಿಟ್ಟೆ.

ಗೆದ್ದೆನೆಂಬ ಖುಷಿಯಲ್ಲಿ ಗಾಡಿ ತಿರುಗಿಸಿದೆ. ವತ್ತಲಗುಂಡಿನ ಕೆರೆಯಲ್ಲಿ ಎತ್ತುಗಳಿಗೆ ನೀರು ಕುಡಿಸುವಾಗ ಖುಷಿಯೆಲ್ಲ ಇಳಿದುಹೋಯಿತು. ಸಾಯಲು ಹೊರಟವರ ಬಾಯಿಂದ ಸುಳ್ಳು ಹೇಳಿಸಿದ್ದೆ. ನಾಚಿಕೆಯಾಗಿ, ನನ್ನ ಬುತ್ತಿಯನ್ನು ಎತ್ತುಗಳಿಗೇ ಹಾಕಿದೆ.

ಆದರೂ ಮುಂದೆ ಎಷ್ಟೋ ವರ್ಷ, ದಿಂಡುಕ್ಕಲ್‌ಗೆ ಬಾಡಿಗೆ ಸಿಕ್ಕಾಗಲೆಲ್ಲ ರೈಲು ಬರುವವರೆಗೂ ಕಾದಿರುತ್ತಿದ್ದೆ, ಇಳಿಯುವ ಒಬ್ಬೊಬ್ಬರ ಮುಖ ನೋಡುತ್ತಿದ್ದೆ. ಅವರು ಸುಳ್ಳು ಹೇಳುವವರಲ್ಲವಲ್ಲ.