ಏಳೂತನಕ ತಡೀರಿ

ಸರ್ ಅವರ ಬಲಗೈ ಹೆಬ್ಬೆರಳು ಎಂದೂ ಸುಮ್ಮನಿರುತ್ತಿರಲಿಲ್ಲ. ಮುನವಳ್ಳಿಯ ಪುರೋಹಿತರ ಮನೆಯವರು. ಜಪದ ರೂಢಿಯಂತೆ ಅದು ಬೆರಳ ಗೆಣ್ಣುಗಳ ಮೇಲೆ ಓಡಾಡುತ್ತಲೇ ಇರುತ್ತಿತ್ತು. ಬೈಲಹೊಂಗಲದಲ್ಲಿ ಬಟ್ಟೆ ಅಂಗಡಿಯ ಮೇಲಿದ್ದ ನಮ್ಮ ಪುಟ್ಟ ಸಾಫ್ಟ್‌ವೇರ್ ಆಫೀಸಿನಲ್ಲಿ ನನಗೆ ಕೆಲಸ ಕಲಿಸಿದವರು ಅವರು.

ನಮ್ಮದು ಹತ್ತಿ ವ್ಯಾಪಾರಿಗಳ ಆ್ಯಪ್. ಅದಕ್ಕೆ ಬೇಕಾದ ಸರಂಜಾಮೆಲ್ಲ ಸೇರಿಸಿ, ಕಂಟೇನರ್ ಎಂಬ ಗಂಟು ಕಟ್ಟಿ ಕ್ಲೌಡ್‌ಗೆ, ಅಂದರೆ ದೂರದ ಬಾಡಿಗೆ ಕಂಪ್ಯೂಟರುಗಳಿಗೆ, ಏರಿಸುತ್ತಿದ್ದೆವು. ಒಮ್ಮೆ ಹೊಸ ಆವೃತ್ತಿಯೊಂದು ಏರಿಸಿದಷ್ಟು ಸಲವೂ ಪೂರ್ತಿ ಶುರುವಾಗುವ ಮೊದಲೇ ನಿಂತು ಬಿತ್ತು. ನಾವೆಲ್ಲ ಪರದೆಯ ಮೇಲೆ ತಪ್ಪು ತೋರಿಸುವ ಕೊನೆಯ ಕೆಂಪು ಸಾಲು ಹಿಡಿದು ಗುದ್ದಾಡುತ್ತಿದ್ದರೆ, ಸರ್ ಆ್ಯಪ್ ತಾನೇ ಬರೆದಿಡುವ ದಿನಚರಿಯಾದ ಲಾಗನ್ನು ಮೊದಲ ಸಾಲಿನಿಂದ, ಮಂತ್ರದ ಧಾಟಿಯಲ್ಲಿ ಗಟ್ಟಿಯಾಗಿ ಓದಿದರು. ಸಾಲು ಎಣಿಸುತ್ತಿದ್ದ ಹೆಬ್ಬೆರಳು ಪ್ರತಿ ಸಲದ ಲಾಗಿಗೂ ಒಂದೇ ಗೆಣ್ಣಿನ ಮೇಲೆ ನಿಂತಿತು; ಆ್ಯಪ್ ಪ್ರತಿ ಸಲವೂ ಅಷ್ಟೇ ಹೊತ್ತಿಗೆ ಬೀಳುತ್ತಿತ್ತು.

"ಆ್ಯಪ್ ಸತ್ತಿಲ್ಲ ತಂಗಿ. ಹಳೇ ಮಾಹಿತಿ ಓದಿಕೊಂಡು ಏಳಲಿಕ್ಕೆ ಹತ್ತೇದ. ಅಷ್ಟರಾಗ ಕ್ಲೌಡ್ 'ಜೀವ ಅದನೋ ಇಲ್ಲೋ' ಅಂತ ಕೇಳತದ. ಉತ್ತರ ತಡ ಆತಂದ್ರ ಕೊಂದು ಹೊಸಾದು ಎಬ್ಬಸತದ. ಏಳೂತನಕ ತಡೀರಿ ಅಂತ ಅದಕ್ಕ ಹೇಳ್ರಿ."

ಕಾಯುವ ಹೊತ್ತು ಹೆಚ್ಚಿಸಿದೆವು. ಆ್ಯಪ್ ಎದ್ದು ನಿಂತಿತು. ಆಫೀಸಿನ ಮಾಲಕರು ಖುಷಿಯಿಂದ ಪೇಢೆ ತರಿಸಿದರು.

ಕಳೆದ ವರ್ಷ ಸರ್‌ಗೆ ಲಕ್ವಾ ಹೊಡೆಯಿತು. ಬಲಗೈ ಸೋತಿತು, ಮಾತು ನಿಧಾನವಾಯಿತು. ತಲೆ ಮಾತ್ರ ಮೊದಲಿನಷ್ಟೇ ಚುರುಕು. ಕೆಲಸ ಉಳಿದರೆ ಸಾಕೆಂದು ತಮ್ಮನ ತೋಳು ಹಿಡಿದು ಆಫೀಸಿನ ಮೆಟ್ಟಿಲು ಹತ್ತಿದರು. ಮಾಲಕರು ಎಲ್ಲರೆದುರೇ ಕೇಳಿದರು, "ಪೇಮೆಂಟ್ ಕಂಟೇನರ್ ನಿನ್ನಿಯಿಂದ ಬೀಳಾಕತ್ತೈತಿ. ಯಾಕ, ಹೇಳ್ರಿ ನೋಡೂಣು."

ಸರ್ ಪರದೆ ಓದಿದರು. ತುಟಿ ಅಲುಗಿತು. ಎಡಗೈ ಹೆಬ್ಬೆರಳು ರೂಢಿಯಿಲ್ಲದ ಗೆಣ್ಣುಗಳನ್ನು ತಡಕಾಡಿತು. "ತಡೀರಿ, ಹೇಳ್ತಾರ" ಎಂದೆ ನಾನು. ಮಾಲಕರು ಗಡಿಯಾರ ನೋಡಿದರು. "ಆತು ಬಿಡ್ರಿ ಸರ್, ಇನ್ನ ಮನ್ಯಾಗ ಆರಾಮ ಇರ್ರಿ" ಎಂದು ಫೋನ್ ಎತ್ತಿಕೊಂಡು ಹೊರನಡೆದರು.

ಅವರು ಹೋದ ಮೇಲೆ ಸರ್ ಬಾಯಿಂದ ಮಾತು ಬಂತು. "ಮೆಮರಿ... ಸಾಲವಲ್ದು."

ಅದೇ ಸರಿಯಾದ ಉತ್ತರವಾಗಿತ್ತು; ಆ ಕಂಟೇನರಿಗೆ ಕೊಟ್ಟಿದ್ದ ಮೆಮರಿ ಕಡಿಮೆ ಬಿದ್ದಿತ್ತು. ನಾನು ಓಡಿಹೋಗಿ ಹೇಳಿದರೆ ಮಾಲಕರು, "ನೀವ ಹೇಳಿಕೊಟ್ಟಿರಬೇಕು" ಎಂದು ನಕ್ಕರು. ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ.

ದೀಪಾವಳಿಗೆ ಮುಂಚೆ ಸರ್ ತೀರಿಕೊಂಡರು. ಮಾಲಕರು ಅವರ ಫೋಟೋಕ್ಕೆ ಹಾರ ಹಾಕಿ ಆಫೀಸಿನ ಗೋಡೆಗೆ ತೂಗುಹಾಕಿದ್ದಾರೆ, ಬಂದವರಿಗೆಲ್ಲ ತೋರಿಸುತ್ತಾರೆ. ಹೊಸಬರು ಆ್ಯಪ್ ಏಳಲು ಇಷ್ಟು ಹೊತ್ತು ಯಾಕೆ ಕಾಯಬೇಕು, ಕಡಿಮೆ ಮಾಡೋಣ ಎನ್ನುತ್ತಾರೆ. ನಾನು ಮುಟ್ಟಗೊಡುವುದಿಲ್ಲ. ಒಂದು ಕಂಟೇನರಿಗೆ ಸರ್ ಕೊಡಿಸಿದ ಹೊತ್ತು ಅದು. ಅವರಿಗೆ ಅಷ್ಟನ್ನೂ ನಾವು ಕೊಡಲಿಲ್ಲ.